ವಾರದ ಪಾಠ, ಮಗುವಿನ ವೇಗ
ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯಿಂದ ಪ್ರೇರಣೆ ಪಡೆದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ ‘ನಲಿ-ಕಲಿ’ ಪದ್ಧತಿಯು, ಇಡೀ ತರಗತಿಗೆ ವಾರಕ್ಕೆ ಇಂತಿಷ್ಟು ಪಾಠ ಎಂಬ ಹಳೆಯ ಲೆಕ್ಕಾಚಾರವನ್ನೇ ಸಡಿಲಿಸಿತು. ಇದರಲ್ಲಿ ಪಠ್ಯವಸ್ತುವನ್ನು ಮೈಲಿಗಲ್ಲುಗಳೆಂಬ ಸಣ್ಣ ಘಟ್ಟಗಳಾಗಿ ವಿಂಗಡಿಸಿ, ಅವುಗಳ ಚಟುವಟಿಕೆಗಳನ್ನು ಸುಲಭದಿಂದ ಕಠಿಣದೆಡೆಗೆ ಜೋಡಿಸಿದ ಗೋಡೆಪಟವನ್ನು ‘ಕಲಿಕಾ ಏಣಿ’ ಎನ್ನಲಾಗುತ್ತದೆ. ಮಗುವು ತಾನಿರುವ ಮೆಟ್ಟಿಲಿನ ಚಿತ್ರಚಿಹ್ನೆಯುಳ್ಳ ಕಾರ್ಡನ್ನು ತಾನೇ ಆರಿಸಿಕೊಂಡು, ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಹಿಡಿದು ಸಹಪಾಠಿಗಳ ನೆರವಿನ ಗುಂಪು, ಸ್ವಕಲಿಕೆಯ ಗುಂಪುಗಳವರೆಗಿನ ಒಟ್ಟು 5 ಗುಂಪುಗಳಲ್ಲಿ ಆ ಚಟುವಟಿಕೆಗೆ ನಿಗದಿಯಾದಲ್ಲಿ ಕುಳಿತು ಕಲಿಯುತ್ತದೆ. ಸುಗ್ಗಿಯ ಕೆಲಸಕ್ಕೋ ಜ್ವರಕ್ಕೋ ಸಿಲುಕಿ ವಾರವಿಡೀ ಗೈರುಹಾಜರಾದ ಮಗು ಮರಳಿ ಬಂದಾಗ, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಲು ಸಾಧ್ಯವಿರುವುದು ಈ ವ್ಯವಸ್ಥೆಯ ನಿಜವಾದ ಬಲ. ಆದರೆ 1ರಿಂದ 3ನೇ ತರಗತಿಯ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ ಬೇರೆ ಬೇರೆ ಮೆಟ್ಟಿಲುಗಳಲ್ಲಿರುವಾಗ, ಅವರ ಮುನ್ನಡೆಯನ್ನು ದಾಖಲಿಸುವ ಪ್ರಗತಿನೋಟವನ್ನು ಶಿಕ್ಷಕರು ವಾರಕ್ಕೊಮ್ಮೆಯಾದರೂ ಪರಿಶೀಲಿಸಿ ಮುಂದಿನ ವಾರದ ನೆರವನ್ನು ಯೋಜಿಸದಿದ್ದರೆ, ಸ್ವಂತ ವೇಗದಲ್ಲಿ ಕಲಿಯುವ ಸ್ವಾತಂತ್ರ್ಯದ ಹೆಸರಿನಲ್ಲಿಯೇ ನಿಧಾನವಾಗಿ ಕಲಿಯುವ ಮಗು ಒಂದೇ ಮೆಟ್ಟಿಲಿನಲ್ಲಿ ತಿಂಗಳುಗಟ್ಟಲೆ ಉಳಿದುಬಿಡುವ ಅಪಾಯವಿದೆ.