ಮಾನಿಟರಿಗೆ ಬೆಲ್ಟು, ಮಗುವಿಗೆ ಮಡಿಲು

ಬಹಳ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕಾರಣ, ಮನೆ ಬದಲಾಯಿಸಿದ್ದು. 2024ರ ನವೆಂಬರಿನಲ್ಲಿ ಗುರುಗ್ರಾಮದ ಬಾಡಿಗೆ ಮನೆ ಖಾಲಿ ಮಾಡಿ ಬೆಂಗಳೂರಿಗೆ ಬಂದ್ವಿ. ಸಾಮಾನು ಲಾರಿಯಲ್ಲಿ, ನಾವು ನಾಲ್ಕು ಜನ ಕಾರಿನಲ್ಲಿ. ನಾನು, ನನ್ನಾಕೆ, ನಾಲ್ಕು ವರ್ಷದ ಮಗಳು, ಹದಿನಾಲ್ಕು ತಿಂಗಳ ಮಗ. ಐದು ದಿನ, ಸುಮಾರು 2100 ಕಿಲೋಮೀಟರು.

ಅದರ ಬಗ್ಗೆ ಒಂದು ಚೆಂದದ ಪ್ರವಾಸ ಕಥನ ಬರೆಯೋಣ ಅಂತಲೇ ಕೂತೆ. ಗ್ವಾಲಿಯರ್ ಕೋಟೆ, ಪೆಂಚ್ ಕಾಡು, ಗೋದಾವರಿ ಸೇತುವೆ ಅಂತೆಲ್ಲ. ಆದರೆ ಎರಡು ಪ್ಯಾರಾ ಬರೆಯೋ ಹೊತ್ತಿಗೆ ಅದು ಜಗಳಕ್ಕೆ ತಿರುಗಿತು. ಹಾಗಾಗಿ ಇದು ಪ್ರವಾಸ ಕಥನ ಅಲ್ಲ, ಜಗಳ. ಮೊದಲು ನನ್ನ ಜೊತೆ, ಆಮೇಲೆ ನಿಮ್ಮ ಜೊತೆ.

ಹೊರಡೋ ಹಿಂದಿನ ದಿನ ಪ್ಯಾಕಿಂಗ್‌ನವರು ಬಂದರು. ಟೀವಿಗೆ ಮೊದಲು ಗುಳ್ಳೆ ಪ್ಲಾಸ್ಟಿಕ್ಕು, ಅದರ ಮೇಲೆ ಥರ್ಮೋಕೋಲು, ಅದರ ಮೇಲೆ ರಟ್ಟು, ಅದರ ಮೇಲೆ ಟೇಪು. ಮಿಕ್ಸಿ ಜಾರಿಗೂ ಅದೇ ಉಪಚಾರ. ನನ್ನ ಮಾನಿಟರನ್ನ ಮಾತ್ರ ನಾನು ಅವರ ಕೈಗೆ ಕೊಡಲಿಲ್ಲ (ಮೇಲೆ ತಿಂಗಳ ಕಂತು ಇನ್ನೂ ಬಾಕಿ ಇತ್ತು!). ಕಂಬಳಿ ಸುತ್ತಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದೆ. ಗಾಡಿ ಹೊರಟ ಕೂಡಲೇ ಕಾರು ಕೂಗೋಕೆ ಶುರು ಮಾಡ್ತು. ಸೀಟಿನ ಮೇಲೆ ಭಾರ ಇದೆ, ಬೆಲ್ಟ್ ಹಾಕಿಲ್ಲ ಅಂತ. ಮಾನಿಟರಿಗೆ ಬೆಲ್ಟು ಹಾಕಿದೆ. ಸುಮ್ಮನಾಯ್ತು.

ಹಿಂದಿನ ಸೀಟಿನಲ್ಲಿ ಎಡಕ್ಕೆ ಮಗಳ ಚೈಲ್ಡ್ ಸೀಟು, ಬಲಕ್ಕೆ ಮಗನದ್ದು, ಮಧ್ಯೆ ನನ್ನಾಕೆ. ಮಗನ ಸೀಟು ಹಿಮ್ಮುಖವಾಗಿ, ಅಂದರೆ ಕಾರಿನ ಹಿಂದಿನ ಗಾಜಿನ ಕಡೆ ಮುಖ. ಚಿಕ್ಕ ಮಕ್ಕಳಿಗೆ ದೇಹಕ್ಕೆ ಹೋಲಿಸಿದರೆ ತಲೆ ಭಾರ, ಕತ್ತು ಬಲಹೀನ. ಮುಂದಿನಿಂದ ಗುದ್ದಿದಾಗ ಹಿಮ್ಮುಖವಾಗಿದ್ದರೆ ಬೆನ್ನು, ಕತ್ತು, ತಲೆ ಮೂರನ್ನೂ ಸೀಟೇ ಹಿಡಿಯುತ್ತೆ. ಇದನ್ನೆಲ್ಲ ಓದಿ ತಿಳ್ಕೊಂಡೇ ಹೊರಟಿದ್ದೆ. ಇಲ್ಲಿವರೆಗೆ ನಾನು ಜಾಣ.

ಮಥುರಾ ಬರೋ ಮುಂಚೆಯೇ ಮಗ ಅಳೋಕೆ ಶುರು ಮಾಡಿದ. ಸಂಜೆ ಅಮ್ಮನ ಫೋನು. "ಅಷ್ಟು ಸಣ್ಣ ಕೂಸನ್ನ ಕಟ್ಟಿ ಹಾಕಿ ಕರ್ಕೊಂಡ್ ಬರ್ತಿದ್ದೀಯೇನೋ? ತೊಡೆ ಮೇಲೆ ಮಲಗಿಸಿಕೊಂಡ್ರೆ ಆಗಲ್ವಾ? ನಿನ್ನನ್ನ ಹಾಗೇ ತಾನೇ ಊರಿಂದ ಊರಿಗೆ ಹೊತ್ತುಕೊಂಡು ಓಡಾಡಿದ್ದು!" ನಾನು "ಆಯ್ತಮ್ಮ, ಆಯ್ತಮ್ಮ" ಅಂದೆ. ಗ್ವಾಲಿಯರ್, ಸಾಗರ್, ನಾಗಪುರ. ಮೂರು ದಿನ ಗೆದ್ದೆವು. ಒಂದೂವರೆ-ಎರಡು ಗಂಟೆಗೊಮ್ಮೆ ನಿಲ್ಲಿಸೋದು, ಮಕ್ಕಳನ್ನ ಓಡಾಡಿಸೋದು, ಮತ್ತೆ ಕೂರಿಸೋದು.

ನಾಲ್ಕನೇ ದಿನ ಸೋತೆವು.

ಅವತ್ತು ನಾಗಪುರದಿಂದ ಹೈದರಾಬಾದಿಗೆ 500 ಕಿಲೋಮೀಟರು. ಬೆಳಿಗ್ಗೆಯೇ ಲಾರಿಯವನ ಫೋನು, ನಾಳೆ ಮಧ್ಯಾಹ್ನಕ್ಕೆ ಬೆಂಗಳೂರು ಮುಟ್ಟುತ್ತೀನಿ, ಮನೆ ಬೀಗ ತೆಗೆಯೋರು ಬೇಕು, ಕಾದರೆ ದಿನದ ಬಾಡಿಗೆ ಬೇರೆ ಅಂತ. ಸರಿ, ನಾನು ಗಡಿಬಿಡಿಗೆ ಬಿದ್ದೆ. ಅದಿಲಾಬಾದಿನಲ್ಲಿ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ನಿರ್ಮಲ್ ದಾಟಿ ಗೋದಾವರಿ ಸೇತುವೆ ಕಳೆಯೋ ಹೊತ್ತಿಗೆ ಮಗ ಅತ್ತೂ ಅತ್ತೂ ಕೆಮ್ಮೋಕೆ ಶುರು ಮಾಡಿದ್ದ. ನನ್ನಾಕೆ ಅಂದಳು, "ರೀ, ಹತ್ತೇ ನಿಮಿಷ ಎತ್ಕೋತೀನಿ. ನಿದ್ದೆ ಹತ್ತಿದ ಕೂಡ್ಲೇ ವಾಪಸ್ ಹಾಕ್ತೀನಿ." ನಾನು "ಹೂಂ" ಅಂದೆ. ಸೀಟು ತಂದವನು ನಾನು, ಹಿಮ್ಮುಖ-ಮುಮ್ಮುಖ ಅಂತ ಭಾಷಣ ಮಾಡಿದವನು ನಾನು, ಹೂಂ ಅಂದವನೂ ನಾನೇ.

ಐದು ನಿಮಿಷವೂ ಆಗಿರಲಿಲ್ಲ. ಡಿವೈಡರ್ ಸಂದಿಯಿಂದ ಒಂದು ಟ್ರ್ಯಾಕ್ಟರು ರಾಂಗ್ ಸೈಡಿನಲ್ಲಿ ನಮ್ಮ ಲೇನಿಗೇ ಬಂತು. ನಾನು 90ರಲ್ಲಿದ್ದೆ. ಪೂರ್ತಿ ಬ್ರೇಕ್ ಒತ್ತಿದೆ. ಗಾಡಿ ನಿಂತಿತು, ಟ್ರ್ಯಾಕ್ಟರಿಗೆ ತಾಗಲಿಲ್ಲ. ಆದರೆ ಮಗ ಅವನಮ್ಮನ ಕೈಯಿಂದ ಜಾರಿ ಹೋಗಿ ಮುಂದಿನ ಸೀಟಿನ ಬೆನ್ನಿಗೆ ಹಣೆ ಹೊಡೆಸಿಕೊಂಡು ಕೆಳಗೆ ಬಿದ್ದ. ಒಂದು ಕ್ಷಣ ಅಳಲೂ ಇಲ್ಲ. ಆ ಒಂದು ಕ್ಷಣದ ಬಗ್ಗೆ ನಾನು ಏನೂ ಬರೆಯಲಾರೆ.

ಆರ್ಮೂರಿನ ಡಾಕ್ಟರು ನೋಡಿ, ಬರೀ ಬೋರೆ, ಇವತ್ತು ರಾತ್ರಿ ನಿಗಾ ಇಡಿ, ವಾಂತಿ ಮಾಡಿದರೆ ಕೂಡಲೇ ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ವಾಂತಿ ಆಗಲಿಲ್ಲ. ಈಗ ಅವನು ಮನೆ ತುಂಬಾ ಓಡಾಡಿಕೊಂಡಿದ್ದಾನೆ. ಆದರೆ ಆಸ್ಪತ್ರೆಯಿಂದ ವಾಪಸ್ ಬಂದು ಕಾರಿನ ಬಾಗಿಲು ತೆಗೆದಾಗ ಕಂಡದ್ದು ಮುಂದಿನ ಸೀಟಿನ ಮಾನಿಟರು. ಬೆಲ್ಟಿನೊಳಗೆ, ಕಂಬಳಿ ಕೂಡ ಕದಲದ ಹಾಗೆ ಕೂತಿತ್ತು.

ಈಗ ಸ್ವಲ್ಪ ಲೆಕ್ಕ. (ಇಂಜಿನಿಯರಿಂಗ್ ಓದಿ ಇಷ್ಟಾದರೂ ಉಪಯೋಗ ಆಗಲಿ.) ಜೋರಾಗಿ ಬ್ರೇಕ್ ಒತ್ತಿದಾಗ ಕಾರಿನೊಳಗಿನ ಪ್ರತಿ ವಸ್ತುವೂ ಹತ್ತಿರ ಹತ್ತಿರ ತನ್ನ ತೂಕದಷ್ಟೇ ಬಲದಿಂದ ಮುಂದಕ್ಕೆ ಎಳೆಯುತ್ತೆ. ಹತ್ತು ಕೆಜಿ ಮಗು ಅಂದರೆ ಎಂಟು ಕೆಜಿ ಅಂತಿಟ್ಟುಕೊಳ್ಳಿ. ಮಧ್ಯಾಹ್ನದ ಜೊಂಪಿನಲ್ಲಿದ್ದ ತಾಯಿಯ ಕೈಗೆ ಅಷ್ಟೇ ಹಿಡಿಯೋಕೆ ಆಗಲಿಲ್ಲ. ಗುದ್ದಿದ್ದರೆ? ಬರೀ 50 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 14 ಮೀಟರು. ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸೊನ್ನೆಗೆ ಬಂದರೆ ಮಗು ತನ್ನ ತೂಕದ ಹದಿನಾಲ್ಕು ಪಟ್ಟು ಎಳೆಯುತ್ತೆ. 140 ಕೆಜಿ. ಐವತ್ತು ಕೆಜಿಯ ಸುಮಾರು ಮೂರು ಅಕ್ಕಿ ಮೂಟೆ. ಯಾವ ತಾಯಿಯ ತೋಳು ಹಿಡಿಯುತ್ತೆ ಹೇಳಿ? ತಾಯಿ ಬೆಲ್ಟ್ ಹಾಕದಿದ್ದರಂತೂ ಅವಳ ಇಡೀ ಭಾರ ಮಗುವಿನ ಮೇಲೆಯೇ ಬರುತ್ತೆ. ಮುಂದಿನ ಸೀಟಿನಲ್ಲಿ ಮಗು ಎತ್ತಿಕೊಂಡು ಕೂತರೆ ಇನ್ನೂ ಘೋರ. ಏರ್‌ಬ್ಯಾಗು ಕಣ್ಣು ಮಿಟುಕಿಸೋದರೊಳಗೆ ಸ್ಫೋಟವಾಗಿ ಮೊದಲು ಬಡಿಯೋದು ಮಗುವಿಗೇ.

ಇನ್ನು ನಿಮ್ಮ ವಾದಗಳಿಗೆ ಬರ್ತೀನಿ. ಎಲ್ಲವನ್ನೂ ಕೇಳಿದ್ದೀನಿ, ಕೆಲವನ್ನ ನಾನೇ ಹೇಳಿದ್ದೀನಿ.

"ನಾವೆಲ್ಲ ಹಾಗೇ ಬೆಳೆದಿದ್ದಲ್ವಾ?" ಹೌದು, ಬೆಳೆದ ನಾವು ಹೇಳ್ತಿದ್ದೀವಿ. ಬೆಳೆಯದೇ ಹೋದವರು ಬಂದು ಕಮೆಂಟ್ ಹಾಕಲ್ಲ. ಮತ್ತೆ ಅಮ್ಮ ನನ್ನನ್ನ ಹೊತ್ತು ಓಡಾಡಿದ ರಸ್ತೆಯ ಗುಂಡಿಗಳಲ್ಲಿ 40 ದಾಟೋದೇ ಕಷ್ಟ ಇತ್ತು. ಈಗಿನ ನಾಲ್ಕು ಲೇನಿನಲ್ಲಿ 100 ಹೋದರೂ ಗೊತ್ತಾಗಲ್ಲ. ವೇಗ ಎರಡು ಪಟ್ಟಾದರೆ ಗುದ್ದುವ ಶಕ್ತಿ ನಾಲ್ಕು ಪಟ್ಟು. ರಸ್ತೆ ಬದಲಾಯ್ತು, ಕಾರು ಬದಲಾಯ್ತು, ಮಡಿಲು ಮಾತ್ರ ಅದೇ.

"ನಾನು ಹುಷಾರಾಗಿ ಓಡಿಸ್ತೀನಿ." ಸರಿ ಸ್ವಾಮಿ. ಆ ಟ್ರ್ಯಾಕ್ಟರ್ ಓಡಿಸಿದ್ದೂ ನೀವೇನಾ?

"ಹಿಂದಿನ ಸೀಟಿನಲ್ಲಿ ಏನೂ ಆಗಲ್ಲ." 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಹತ್ತಿರ ಸೈರಸ್ ಮಿಸ್ತ್ರಿ ತೀರಿಕೊಂಡಿದ್ದು ಹಿಂದಿನ ಸೀಟಿನಲ್ಲೇ. ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ ಆ ವರ್ಷ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅದರಲ್ಲಿ ಚಾಲಕರು 8,384, ಜೊತೆಗೆ ಕೂತವರು 8,331. ಹತ್ತಿರ ಹತ್ತಿರ ಅರ್ಧಕ್ಕರ್ಧ!

"ನಮ್ಮ ಕಾರಿಗೆ ಐದು ಸ್ಟಾರ್ ಇದೆ." ಇದು ನನಗೆ ಅತ್ಯಂತ ಸಿಟ್ಟು ಬರಿಸೋ ವಾದ. 2023ರಲ್ಲಿ ಭಾರತ್ ಎನ್‌ಕ್ಯಾಪ್ ಬಂತು, ಒಳ್ಳೇದೇ. ಅದರಲ್ಲಿ ಮಕ್ಕಳ ಸುರಕ್ಷತೆಗೆ ಬೇರೆ ಅಂಕ ಇದೆ, 49ಕ್ಕೆ. ಆ ಅಂಕ ಕೊಡೋಕೆ ಒಂದೂವರೆ ವರ್ಷ, ಮೂರು ವರ್ಷದ ಮಕ್ಕಳ ಅಳತೆಯ ಎರಡು ಗೊಂಬೆಗಳನ್ನ ಕೂರಿಸಿ ಕಾರು ಗುದ್ದಿಸ್ತಾರೆ. ಗೊಂಬೆಗಳನ್ನ ಎಲ್ಲಿ ಕೂರಿಸ್ತಾರೆ ಗೊತ್ತಾ? ಚೈಲ್ಡ್ ಸೀಟಿನಲ್ಲಿ. ಮಡಿಲಲ್ಲಲ್ಲ. ಚೈಲ್ಡ್ ಸೀಟು ತೆಗೆದುಬಿಟ್ಟರೆ ಆ ಅಂಕ ನಿಮ್ಮ ಮಗುವಿನದ್ದಲ್ಲ, ಗೊಂಬೆಯದ್ದು.

"ದುಡ್ಡು ಜಾಸ್ತಿ." ಕಾರಿಲ್ಲದೆ ಬೈಕಿನಲ್ಲಿ ನಾಲ್ಕು ಜನ ಹೋಗುವವರ ಮೇಲೆ ನನ್ನ ಜಗಳ ಇಲ್ಲ, ಅವರ ಕಷ್ಟವೇ ಬೇರೆ. ನಾನು ಹೇಳ್ತಿರೋದು ಹದಿನೈದು ಲಕ್ಷದ ಗಾಡಿ ತಗೊಂಡು, ಸೀಟಿಗೆ ಲೆದರ್ ಹೊದಿಸಿ, ಸನ್‌ರೂಫಿಗೆ ಅಂತ ಮೇಲಿನ ಮಾಡೆಲ್ ಆರಿಸಿಕೊಂಡವರಿಗೆ. ಆ ಸನ್‌ರೂಫಿನ ವಿಷಯಕ್ಕೆ ಬಂದರೆ, ಪ್ರವಾಸ ಕಥನ ಬರೆಯೋ ಗೆಳೆಯ ಗೆಳತಿಯರೇ, ಓಡುವ ಕಾರಿನ ಮೇಲಿಂದ ತಲೆ ಹೊರಗೆ ಹಾಕಿ ನಿಂತ ಮಗುವಿನ ಫೋಟೋ ಇನ್ನು ದಯವಿಟ್ಟು ಹಾಕಬೇಡಿ. ನಾನೂ ಹಿಂದೆ ಅಂಥ ಫೋಟೋಗಳಿಗೆ "ಸೋ ಕ್ಯೂಟ್" ಅಂತ ಬರೆದಿದ್ದೀನಿ. ವಾಪಸ್ ತಗೊಳ್ತೀನಿ.

ಕಾನೂನು ಇಲ್ವಾ ಅಂದ್ರೆ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಪ್ರಕಾರ 14 ವರ್ಷದೊಳಗಿನ ಮಗುವನ್ನ ಬೆಲ್ಟು ಅಥವಾ ಚೈಲ್ಡ್ ಸೀಟು ಇಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಐದು ದಿನದಲ್ಲಿ ಅದೆಷ್ಟು ಟೋಲ್ ದಾಟಿದೆವೋ. ಫಾಸ್ಟ್ಯಾಗ್ ಇದೆಯಾ ಅಂತ ಪ್ರತಿಯೊಂದೂ ನೋಡಿತು. ಮಗು ಎಲ್ಲಿ ಕೂತಿದೆ ಅಂತ ಒಬ್ಬರೂ ನೋಡಲಿಲ್ಲ. ಸಿವನಿಯಿಂದ ನಾಗಪುರದ ನಡುವೆ ಪೆಂಚ್ ಕಾಡಿನಲ್ಲಿ ಹುಲಿ, ಜಿಂಕೆ ದಾಟಲಿ ಅಂತ ಹೆದ್ದಾರಿಯನ್ನೇ ಮೇಲಕ್ಕೆತ್ತಿ ಕೆಳಗೆ ದಾರಿ ಬಿಟ್ಟಿದ್ದಾರೆ. ಸಂತೋಷವೇ, ಬಿಡಲೇಬೇಕು. ಹುಲಿಮರಿ ಬಗ್ಗೆ ಅಷ್ಟು ಯೋಚನೆ ಮಾಡೋ ದೇಶ ಮನುಷ್ಯನ ಮರಿ ಬಗ್ಗೆ ಟೋಲಿನಲ್ಲಿ ಒಂದು ಸಲ ಇಣುಕಿ ನೋಡಬಾರದಾ?

ಹಾಗಂತ ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ನಾನು ಜಾರಿಕೊಳ್ಳಲ್ಲ. ನನ್ನ ಕಾರಿನಲ್ಲಿ ಸೀಟಿತ್ತು, ತಿಳುವಳಿಕೆಯೂ ಇತ್ತು. ಇಲ್ಲದ್ದು ಏನು? ನಿಲ್ಲಿಸೋ ತಾಳ್ಮೆ. ಮಗು ಅಳ್ತಿತ್ತು, ಲಾರಿ ಕಾಯ್ತಿತ್ತು. ನಾನು ಲಾರಿ ಕಡೆ ನಿಂತೆ. ಮಂಚ, ಬೀರು, ವಾಷಿಂಗ್ ಮಶೀನು ಸಮಯಕ್ಕೆ ಮನೆ ಸೇರಲಿ ಅಂತ ಮಗನ ಬೆಲ್ಟ್ ಬಿಚ್ಚಿಸಿದೆ. ಬಿಚ್ಚಿದ್ದು ಪ್ರೀತಿಯಿಂದಲೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಪ್ರೀತಿಗೆ ಬ್ರೇಕಿನ ಲೆಕ್ಕ ಗೊತ್ತಿರಲಿಲ್ಲ.

ಆದ್ದರಿಂದ ನನ್ನ ವಾದ ಇಷ್ಟೇ. ಮಗು ಅತ್ತರೆ ಗಾಡಿ ನಿಲ್ಲಿಸಿ, ಬೆಲ್ಟು ಬಿಚ್ಚಿ ಓಡಿಸಬೇಡಿ. ಮರದ ಕೆಳಗೋ, ಢಾಬಾ ಎದುರೋ, ಪೆಟ್ರೋಲ್ ಬಂಕಿನಲ್ಲೋ ನಿಲ್ಲಿಸಿ ಎತ್ತಿಕೊಳ್ಳಿ, ಹಾಲು ಕುಡಿಸಿ, ಬೇಕಾದಷ್ಟು ಮುದ್ದು ಮಾಡಿ. ಐದು ದಿನ ಏಳು ದಿನ ಆಗಲಿ. ಲಾರಿಯವನಿಗೆ ಒಂದು ದಿನದ ಬಾಡಿಗೆ ಜಾಸ್ತಿ ಕೊಡಿ. ನಾವೂ ಕೊನೆಗೆ ಕೊಟ್ಟೆವು. ಅವತ್ತು ರಾತ್ರಿ ಆರ್ಮೂರಿನಲ್ಲೇ ಉಳಿದೆವು, ಹೈದರಾಬಾದಿನ ಹೋಟೆಲ್ ದುಡ್ಡು ಹೋಯ್ತು, ಲಾರಿ ಬೆಂಗಳೂರಿನಲ್ಲಿ ಒಂದು ದಿನ ನಿಂತಿತ್ತು. ಆಕಾಶವೇನೂ ಬೀಳಲಿಲ್ಲ. ಅದನ್ನೇ ಒಂದು ಗಂಟೆ ಮುಂಚೆ ಮಾಡಬಹುದಿತ್ತು.

ಮರುದಿನ ಮಗನನ್ನ ಸೀಟಿನಲ್ಲಿ ಕೂರಿಸಿದಾಗ ಮತ್ತೆ ಅತ್ತ. ಕರ್ನೂಲಿನ ತನಕ ಆರು ಸಲ ನಿಲ್ಲಿಸಿದೆವು. ಒಂದು ಕಡೆ ನಿಲ್ಲಿಸಿದಾಗ ಮಗಳು ಕೇಳಿದಳು, "ಅಪ್ಪಾ, ತಮ್ಮಂಗೆ ಬೆಲ್ಟ್ ಹಾಕಿದ್ಯಾ?" ಹಾಕಿದೀನಿ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಪಕ್ಕದಲ್ಲಿದ್ದ ಅಮ್ಮನನ್ನ ದಾಟಿ ಬಗ್ಗಿ, ತಾನೇ ಒಂದು ಸಲ ಎಳೆದು ನೋಡಿದಳು.

ನಿಮ್ಮ ಕಾರಿನಲ್ಲಿ ಯಾರು ಎಳೆದು ನೋಡ್ತಾರೆ? ಜಗಳಕ್ಕೆ ಬರೋರು ಬನ್ನಿ, ಕಾಯ್ತಿರ್ತೀನಿ. ಆದರೆ ಬರೋ ಮುಂಚೆ ಮಗುವಿನ ಬೆಲ್ಟ್ ಹಾಕಿ ಬನ್ನಿ :-)