‘ಒಗ್ಗುವುದಿಲ್ಲ’ ಎಂಬ ಒಂದು ಮಾತು, ಮೂರು ಬೇರೆ ತೊಂದರೆ

ಊಟದಿಂದಾಗುವ ತೊಂದರೆಗಳಿಗೆಲ್ಲ ನಮ್ಮ ಹಳ್ಳಿಗಳಲ್ಲಿ ಒಂದೇ ಮಾತು: ‘ಒಗ್ಗುವುದಿಲ್ಲ’. ಬದನೆಕಾಯಿ ನಂಜು, ಶೇಂಗಾ ಪಿತ್ತ, ಅವರೆಕಾಳು ವಾಯು, ಹಾಲು ಕಫ ಎಂದು ಪಟ್ಟಿ ಬೆಳೆಯುತ್ತ ಹೋಗುತ್ತದೆ. ಈ ಮಾತೆಲ್ಲ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಮೂರು ಬೇರೆ ಬೇರೆ ತೊಂದರೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿರುವುದರಿಂದ ಎರಡು ಕಡೆಯೂ ನಷ್ಟವಾಗುತ್ತಿದೆ. ತಿನ್ನಬಹುದಾದ ಕಾಳುಬೇಳೆಯನ್ನು ಬಾಣಂತಿಗೂ ಮಕ್ಕಳಿಗೂ ಬಿಡಿಸುತ್ತೇವೆ. ನಿಜವಾಗಿ ಬಿಡಿಸಬೇಕಾದ ಮಗುವಿಗೆ ‘ಸ್ವಲ್ಪ ಸ್ವಲ್ಪ ತಿಂದರೆ ರೂಢಿಯಾಗುತ್ತದೆ’ ಎಂದು ಒತ್ತಾಯಿಸಿ ತಿನ್ನಿಸುತ್ತೇವೆ. ಎರಡನೆಯದು ಜೀವಕ್ಕೇ ಸಂಚಕಾರ.

ಮೊದಲನೆಯ ತೊಂದರೆ ಅಲರ್ಜಿ. ಆಹಾರದಲ್ಲಿರುವ ಪ್ರೋಟೀನನ್ನು ಶರೀರದ ರಕ್ಷಣಾ ವ್ಯವಸ್ಥೆ ಶತ್ರುವೆಂದು ತಿಳಿದು ಅದರ ಮೇಲೆ ಬೀಳುವುದೇ ಅಲರ್ಜಿ. ಹಾಲು, ಮೊಟ್ಟೆ, ಶೇಂಗಾ, ಎಳ್ಳು, ಗೋಧಿ, ಮೀನು, ಸಿಗಡಿ ಇವುಗಳಿಂದ ಇದು ಬರಬಹುದು. ತಿಂದ ಕೆಲವು ನಿಮಿಷಗಳಲ್ಲಿ, ಹೆಚ್ಚೆಂದರೆ ಎರಡು ಗಂಟೆಯೊಳಗೆ, ಮೈಮೇಲೆ ದದ್ದು, ತುರಿಕೆ, ತುಟಿ ಕಣ್ಣುಗಳ ಊತ, ವಾಂತಿ ಕಾಣಿಸುತ್ತವೆ. ಉಸಿರು ಕಟ್ಟಿದರೆ ಅಥವಾ ತಲೆಸುತ್ತು ಬಂದು ಬಿದ್ದರೆ ಅದು ಪ್ರಾಣಾಪಾಯ. ಇಲ್ಲಿ ಪ್ರಮಾಣದ ಲೆಕ್ಕ ನಡೆಯುವುದಿಲ್ಲ. ಚಿಟಿಕೆ ಶೇಂಗಾ ಚಟ್ನಿಪುಡಿಯೂ ಸಾಕು. ಗಾಣದ ಎಣ್ಣೆಯಲ್ಲಿ ಕಾಳಿನ ಪ್ರೋಟೀನು ಉಳಿದಿರಬಹುದಾದ್ದರಿಂದ ಅದೂ ಅಂಥವರಿಗೆ ಆಗದು.

ಇಂಥವರು ಎಷ್ಟು ಮಂದಿ? ಬೆಂಗಳೂರು, ಮೈಸೂರುಗಳಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿ ನಡೆಸಿದ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಅಲರ್ಜಿಯ ಗುರುತು ಕಾಣಬಹುದಾದವರು ಶೇಕಡಾ 26.5 ಎಂದು ಅಂದಾಜಾಯಿತು. ತಿಂದಾಗ ತೊಂದರೆಯೂ ಆಗಿ, ಪರೀಕ್ಷೆಯೂ ಅದಕ್ಕೆ ತಾಳೆಯಾಗುವವರು ಮಾತ್ರ ಶೇಕಡಾ 1.2. ಬರೀ ರಕ್ತದ ಚೀಟಿ ನೋಡಿ ತಟ್ಟೆಯಿಂದ ಆಹಾರ ತೆಗೆಯಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎರಡನೆಯದು ಜೀರ್ಣವಾಗದಿರುವುದು. ನಮ್ಮಲ್ಲಿ ಬಹಳ ಮಂದಿಗೆ ವಯಸ್ಸು ಬೆಳೆದಂತೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದುತ್ತದೆ. ದೊಡ್ಡ ಲೋಟ ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ. ಅದೇ ಜನ ಮೊಸರು, ಮಜ್ಜಿಗೆಯನ್ನು ಸುಖವಾಗಿ ಅರಗಿಸಿಕೊಳ್ಳುತ್ತಾರೆ. ಹೆಪ್ಪಿನ ಸೂಕ್ಷ್ಮಜೀವಿಗಳು ಆ ಸಕ್ಕರೆಯಲ್ಲಿ ಒಂದು ಪಾಲನ್ನು ಮೊದಲೇ ತಿಂದಿರುತ್ತವೆ. ಅವರೆ, ಹುರುಳಿ, ಅಲಸಂದೆಗಳ ವಾಯುವಿಗೂ ಕಾರಣ ಸಣ್ಣಕರುಳಿನಲ್ಲಿ ಅರಗದ ಸಕ್ಕರೆಗಳೇ. ಅವು ದೊಡ್ಡಕರುಳಿಗೆ ಇಳಿದು ಹುಳಿತು ವಾಯುವಾಗುತ್ತವೆ. ಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿದರೆ ಈ ಕಾಟ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಇಲ್ಲಿ ಬಿಡಬೇಕಾದುದು ಕಾಳನ್ನಲ್ಲ, ಅವಸರದ ಅಡಿಗೆಯನ್ನು. ಮಾಂಸ, ಮೊಟ್ಟೆ ಕೊಳ್ಳಲಾಗದ ಮನೆಯಲ್ಲಿ ಕಾಳೂ ಹೋದರೆ ಮಗುವಿಗೆ ಪುಷ್ಟಿ ಎಲ್ಲಿಂದ ಬರಬೇಕು?

ಮೂರನೆಯದು ಆಹಾರವೇ ಕೆಟ್ಟಿರುವುದು. ಇದರಲ್ಲಿ ತಿಂದವನ ಶರೀರದ ದೋಷವಿಲ್ಲ, ಬೆಳೆದು ಕೂಡಿಟ್ಟವನ ಅಜಾಗರೂಕತೆ ಇದೆ. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಈಲಿ ಕೆಟ್ಟು ನೂರಕ್ಕೂ ಹೆಚ್ಚು ಮಂದಿ ಸತ್ತರು. ಆ ವಿಷದ ಹೆಸರು ಅಫ್ಲಾಟಾಕ್ಸಿನ್. ನಮ್ಮ ಶೇಂಗಾಕ್ಕೂ ಅದೇ ಬೂಷ್ಟು ತಗಲುತ್ತದೆ. ಹುರಿದರೂ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕಿತ್ತ ಕಾಯನ್ನು ತೇವ ಶೇಕಡಾ 8ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಬೇಕು. ಸುಲಿಯುವಾಗ ಕಾಳು ಒಡೆಯದಿರಲೆಂದು ನೀರು ಚಿಮುಕಿಸುವ ರೂಢಿ ಬಿಡಬೇಕು. ಬೂಷ್ಟು ಹಿಡಿದ, ಮುರುಟಿದ ಕಾಳನ್ನು ಆರಿಸಿ ತೆಗೆಯಬೇಕು. ಅವನ್ನು ಗಾಣಕ್ಕೂ ಹಾಕಬಾರದು. ಅದರ ಹಿಂಡಿ ತಿಂದ ಹಸುವಿನ ಹಾಲಿಗೂ ವಿಷ ಇಳಿಯುತ್ತದೆ.

ಹಾಗಾದರೆ ಮನೆಯಲ್ಲಿ ಗುರುತಿಸುವುದು ಹೇಗೆ? ಮೂರು ಪ್ರಶ್ನೆ ಕೇಳಿಕೊಳ್ಳಿ. ತಿಂದ ಎಷ್ಟು ಹೊತ್ತಿಗೆ ತೊಂದರೆ ಆಯಿತು? ಕಡಿಮೆ ತಿಂದರೆ ಕಡಿಮೆ ಆಗುತ್ತದೆಯೇ? ಜೊತೆಗೆ ಉಂಡವರಿಗೂ ಆಯಿತೇ? ಬೇಗನೆ, ತುಸು ತಿಂದರೂ, ಪ್ರತಿಬಾರಿಯೂ ಒಬ್ಬರಿಗೇ ದದ್ದು, ಊತ ಬಂದರೆ ಅಲರ್ಜಿಯ ಸಂಶಯ. ಹೆಚ್ಚು ತಿಂದಾಗ ಮಾತ್ರ ಹೊಟ್ಟೆ ಕೆಟ್ಟರೆ ಜೀರ್ಣದ ಮಾತು. ಎಲ್ಲರಿಗೂ ಆದರೆ ಪದಾರ್ಥವನ್ನೇ ನೋಡಬೇಕು. ಆದರೆ ಬೂಷ್ಟಿನ ವಿಷ ಒಮ್ಮೊಮ್ಮೆ ಮೆಲ್ಲಗೆ ಕೆಲಸ ಮಾಡುವುದರಿಂದ, ತಕ್ಷಣ ಏನೂ ಆಗಲಿಲ್ಲವೆಂದು ನೆಚ್ಚಿ ಕೂರುವಂತಿಲ್ಲ. ಇಷ್ಟಾದ ಮೇಲೆ ನಿರ್ಣಯ ಹೇಳಬೇಕಾದವರು ವೈದ್ಯರು. ಅಲರ್ಜಿಯ ಸಂಶಯವಿದ್ದಾಗ ‘ನೋಡೋಣ’ ಎಂದು ಮನೆಯಲ್ಲಿ ತಿನ್ನಿಸಿ ಪರೀಕ್ಷಿಸುವುದು ಖಂಡಿತ ಕೂಡದು. ಉಸಿರು ಕಟ್ಟಿದರೆ ಮಜ್ಜಿಗೆ, ಕಷಾಯ ಎಂದು ಹೊತ್ತು ಕಳೆಯದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಿ. ಅಲ್ಲಿ ಕೂಡಲೇ ಬೇಕಾದುದು ಅಡ್ರಿನಲಿನ್ ಚುಚ್ಚುಮದ್ದು. ತುರಿಕೆಯ ಮಾತ್ರೆಯೊಂದರಿಂದ ಪ್ರಾಣ ಉಳಿಯದು.

ಅಲರ್ಜಿಯೆಂದು ವೈದ್ಯರು ಹೇಳಿದ ಮಗುವಿನ ವಿಷಯವನ್ನು ಶಾಲೆಗೆ, ಅಂಗನವಾಡಿಗೆ, ನೆಂಟರ ಮನೆಗೆ ಮೊದಲೇ ತಿಳಿಸಿ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಆ ಮಗು ಬೇಡವೆಂದರೆ ಹಿರಿಯರು ಬೇಸರಪಡಬಾರದು. ಉಳಿದವರು ನೆರೆಮನೆಯ ಮಾತು ಕೇಳಿ ಕಾಳು, ಮೊಸರು, ಶೇಂಗಾಗಳನ್ನು ಬಿಡುವ ಮೊದಲು ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ತಾವೇ ಬೆಳೆದ ಪುಷ್ಟಿಕರ ಧಾನ್ಯವನ್ನು ಕಾರಣವಿಲ್ಲದೆ ಮಕ್ಕಳ ತಟ್ಟೆಯಿಂದ ತೆಗೆಯುವುದು ರೈತರಿಗೆ ಒಪ್ಪುವ ಕೆಲಸವಲ್ಲ.