ಹೆಸರು ಹೊಡೆದರೂ ಹಕ್ಕು ಹೋಗದು

ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಲಿನಕ್ಸ್ ಕಲಿಸುವ ನನಗೆ ಪ್ರತಿ ವರ್ಷ ಹೊಸ ಬ್ಯಾಚಿನಿಂದ ಬರುವ ದೂರು ಒಂದೇ: “ಸಾರ್, ಗ್ರೂಪಿಗೆ ಸೇರಿಸಿದೀನಿ, ಆದ್ರೂ ಪರ್ಮಿಷನ್ ಡಿನೈಡ್ ಅಂತಿದೆ.” ಯುಎಸ್‌ಬಿಗೆ ಆರ್ಡುಯಿನೊ ಬೋರ್ಡ್ ಸಿಕ್ಕಿಸಿರುತ್ತಾರೆ. ಉಬುಂಟುವಿನಲ್ಲಿ ಆ ಪೋರ್ಟ್ ಬಳಸಲು ‘ಡಯಲ್‌ಔಟ್’ ಗುಂಪಿನಲ್ಲಿರಬೇಕು. ಮೋಡೆಮ್‌ನಿಂದ ಫೋನ್ ತಿರುಗಿಸುತ್ತಿದ್ದ ಕಾಲದ ಹೆಸರದು, ಯಾರೂ ಬದಲಿಸಿಲ್ಲ. ‘ಯೂಸರ್‌ಮಾಡ್’ ಕಮಾಂಡ್ ಕೊಟ್ಟಾಗಿದೆ, ಅದು ತುಟಿಪಿಟಕ್ಕೆನ್ನದೆ ಮುಗಿದಿದೆ. ಟರ್ಮಿನಲ್ ಮುಚ್ಚಿ ತೆರೆದರೂ ಅದೇ ಹಾಡು.

ಯೂಸರ್‌ಮಾಡ್ ತಿದ್ದುವುದು ಡಿಸ್ಕಿನಲ್ಲಿರುವ ಪಟ್ಟಿಯನ್ನು. ನೀವು ಯಾವ್ಯಾವ ಗುಂಪಿನವರು ಎಂದು ಆ ಪಟ್ಟಿ ನೋಡಿ ತೀರ್ಮಾನವಾಗುವುದು ಲಾಗಿನ್ ಆಗುವ ಹೊತ್ತಿನಲ್ಲಿ. ಆಮೇಲೆ ತೆರೆಯುವ ಪ್ರತಿ ಪ್ರೋಗ್ರಾಮೂ ಅದನ್ನೇ ತಾಯಿ ಪ್ರೋಗ್ರಾಮಿನಿಂದ ಪಡೆಯುತ್ತದೆ. ಊಟದ ಪಂಕ್ತಿ ಕೂತ ಮೇಲೆ ಬಂದವರು ಮುಂದಿನ ಪಂಕ್ತಿಗೆ ಕಾಯಬೇಕಲ್ಲ, ಹಾಗೆ. ‘ಐಡಿ’ ಎಂದಷ್ಟೇ ಬರೆದರೆ ಈಗ ಕೈಯಲ್ಲಿರುವ ಗುಂಪುಗಳು ಕಾಣುತ್ತವೆ. ಮುಂದೆ ನಿಮ್ಮ ಯೂಸರ್ ಹೆಸರು ಸೇರಿಸಿದರೆ ಪಟ್ಟಿಯಲ್ಲಿರುವುದು. ಎರಡೂ ಉತ್ತರ ಬೇರೆಯಾಗಿದ್ದರೆ ರೋಗ ಇದೇ. ಪೂರ್ತಿ ಲಾಗ್‌ಔಟ್ ಆಗಿ ಬನ್ನಿ, ಅದಕ್ಕೂ ಬಗ್ಗದಿದ್ದರೆ ರೀಸ್ಟಾರ್ಟ್ ಮಾಡಿ. ‘ನ್ಯೂಗ್ರಪ್’ ಎಂಬ ಅಡ್ಡದಾರಿಯೂ ಇದೆ, ಆ ಒಂದು ಟರ್ಮಿನಲ್ಲಿಗಷ್ಟೇ.

ಹುಡುಗರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು? ‘ಸಿಎಚ್‌ಮಾಡ್ 777’ ಬಡಿದು ಬಾಗಿಲನ್ನೇ ಕಿತ್ತು ಪಕ್ಕಕ್ಕಿಡುತ್ತಾರೆ. ನಾನು ಬೈಯುವುದು ಅವರನ್ನಲ್ಲ, ಆ ಮೂಗ ಯೂಸರ್‌ಮಾಡ್ ಕಮಾಂಡನ್ನು. ‘ಮುಂದಿನ ಲಾಗಿನ್‌ನಿಂದ ಜಾರಿ’ ಎಂದು ಒಂದು ಸಾಲು ತೋರಿಸಿದರೆ ಅದರ ಗಂಟೇನು ಹೋಗುತ್ತಿತ್ತು? ಅದರ ಆಯ್ಕೆಗಳಲ್ಲಿ ಸಣ್ಣ ‘ಎ’ ಮರೆತು ದೊಡ್ಡ ‘ಜಿ’ ಮಾತ್ರ ಕೊಟ್ಟರೆ ನೀವಿದ್ದ ಉಳಿದ ಹೆಚ್ಚುವರಿ ಗುಂಪುಗಳೆಲ್ಲ, ಸುಡೋ ಸಮೇತ, ಅಳಿಸಿಹೋಗುತ್ತವೆ. ಆಗಲೂ ಅದೇ ಮೌನ.

ಸೇರಿಸುವಾಗಿನ ತಡ ಬರೀ ಕಿರಿಕಿರಿ. ತೆಗೆಯುವಾಗಿನ ತಡದ ಬಗ್ಗೆಯೇ ನನಗೆ ಹೆಚ್ಚು ತಕರಾರು. ಗುತ್ತಿಗೆ ನೌಕರರೊಬ್ಬರ ಕೆಲಸ ಮುಗಿಯಿತು ಎನ್ನಿ. ಅಡ್ಮಿನ್ ಅವರನ್ನು ‘ಡಾಕರ್’ ಗುಂಪಿನಿಂದ ತೆಗೆದು, ರಿಜಿಸ್ಟರಿನಲ್ಲಿ ಟಿಕ್ ಹಾಕಿ, ಚಹಾಕ್ಕೆ ಹೋಗುತ್ತಾರೆ. ಆ ನೌಕರರು ಸರ್ವರಿನಲ್ಲಿ ಬಿಟ್ಟುಬಂದ ಟೀಮಕ್ಸ್ ಸೆಷನ್ ಹಳೆಯ ಗುಂಪನ್ನೇ ಹಿಡಿದುಕೊಂಡು ಓಡುತ್ತಲೇ ಇರುತ್ತದೆ. ಸಾಮಾನ್ಯ ಸರ್ವರಿನಲ್ಲಿ ಡಾಕರ್ ಗುಂಪೆಂದರೆ ರೂಟ್ ಅಧಿಕಾರಕ್ಕೆ ಸಮ. ಡಾಕರ್‌ನವರ ಕೈಪಿಡಿಯೇ ಈ ಎಚ್ಚರಿಕೆ ಕೊಡುತ್ತದೆ.

ಆದ್ದರಿಂದ ಕಚೇರಿಗಳಲ್ಲಿ ಆ ಟಿಕ್ ಹಾಕುವ ಮುನ್ನ ಇನ್ನೊಂದು ಕೆಲಸ ಕಡ್ಡಾಯವಾಗಲಿ: ‘ಲಾಗಿನ್‌ಸಿಟಿಎಲ್ ಟರ್ಮಿನೇಟ್-ಯೂಸರ್’ ಕೊಟ್ಟು ಆ ವ್ಯಕ್ತಿಯ ಎಲ್ಲ ಸೆಷನ್ ಮುಗಿಸುವುದು, ಬಳಿಕ ‘ಪಿಎಸ್’ ಹಾಕಿ ಅವರ ಹೆಸರಿನಲ್ಲಿ ಏನೂ ಓಡುತ್ತಿಲ್ಲವೆಂದು ಕಣ್ಣಾರೆ ನೋಡುವುದು. ರಾತ್ರಿಯಿಡೀ ಓಡಬೇಕಿದ್ದ ಯಾವುದೋ ಲೆಕ್ಕ ಅರ್ಧಕ್ಕೆ ನಿಲ್ಲಬಹುದು. ನಿಲ್ಲಲಿ, ಅದು ಬೇಕಾದವರು ತಮ್ಮ ಹೆಸರಿನಲ್ಲಿ ಮತ್ತೆ ಓಡಿಸಿಕೊಳ್ಳುತ್ತಾರೆ.